ಮಿಣುಗುರು ವೀರನ ಬೆನ್ನಿನ ಮುಚ್ಚಳ

ಸಹನಾ ವಿಜಯವಾಡಕ್ಕೆ ಹೋದದ್ದು ಒಂದು ಗೊಂಬೆಗಾಗಿ. ಬ್ಯಾಂಕಿನಲ್ಲಿ ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ತುಮಕೂರಿನಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಅಧಿಕಾರಿಣಿ, ಊರಿನ ದೊಡ್ಡ ದೊಡ್ಡ ವ್ಯಾಪಾರಿಗಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವವಳು, ಎರಡನೇ ಶನಿವಾರದ ರಜೆಯಲ್ಲಿ ನಸುಕಿನ ರೈಲು ಹತ್ತಿ ಅಂಗೈಯುದ್ದದ ಪ್ಲಾಸ್ಟಿಕ್ ವೀರನೊಬ್ಬನನ್ನು ತರಲು ಹೋಗುತ್ತಾಳೆಂದರೆ ನಗದೆ ಇರುವವರು ಯಾರು?

ಈ ಹುಚ್ಚು ಹತ್ತಿದ್ದು ತೆಲುಗು ಕಲಿಯಲು ಹೊರಟಾಗ. ಬಂದ ಹೊಸತರಲ್ಲಿ ಕೌಂಟರಿನ ಆಚೆ ನಿಂತವರ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಕಿವಿಯಾಚೆ ಹೋಗುತ್ತಿತ್ತು. ಹಳೇ ಪುಸ್ತಕ ಮಾರುವವನ ರಾಶಿಯಲ್ಲಿ ದಪ್ಪಕ್ಷರದ, ಬಣ್ಣದ ಚಿತ್ರಗಳ ಕೆಲವು ತೆಲುಗು ಕಾಮಿಕ್ಸ್ ಸಿಕ್ಕವು. ವಿಜಯವಾಡದ ಯಾವುದೋ ಸಣ್ಣ ಮುದ್ರಣಾಲಯ ಮೂವತ್ತು ವರ್ಷದ ಹಿಂದೆ ಹೊರತಂದು, ಕೈಸುಟ್ಟುಕೊಂಡು ನಿಲ್ಲಿಸಿದ ಮಾಲೆ ಅದು. ಅದರ ವೀರರೂ ಅಂಥವರೇ. ತಾಳೆಹಣ್ಣು ಎಸೆದು ಕಳ್ಳರ ತಲೆ ಒಡೆಯುವ ತಾಟಿಕಾಯ ತಾತ. ಪಟದ ದಾರ ಹಿಡಿದು ಹಾರುವ ಗಾಳಿಪಟಂ ಗೌರಿ. ಮತ್ತು ಹೆದರಿದಾಗಲೆಲ್ಲ ಹೊಟ್ಟೆ ಫಳಫಳ ಬೆಳಗುವ ಮೇಷ್ಟರು, ಮಿಣುಗುರು ವೀರುಡು, ಎಂದರೆ ಮಿಂಚುಹುಳದ ವೀರ. ಇವರನ್ನು ಬಲ್ಲವರು ಇಡೀ ಆಂಧ್ರದಲ್ಲಿ ಒಂದು ಮದುವೆ ಊಟದ ಪಂಕ್ತಿಗೂ ಸಾಲಲಾರರು. ಆ ಕಾಲದಲ್ಲಿ ಈ ವೀರರ ಗೊಂಬೆಗಳೂ ಬಂದಿದ್ದವು ಎಂದು ತಿಳಿದ ದಿನದಿಂದ ಸಹನಾಳಿಗೆ ನಿದ್ದೆ ಹತ್ತಲಿಲ್ಲ. ಮದುವೆಯಾಯಿತು, ಊರಂಚಿನ ಪೆಂಡುರ್ತಿಯಲ್ಲಿ ಫ್ಲ್ಯಾಟು ಕೊಂಡದ್ದಾಯಿತು, ಮಗಳು ಹಿಮಬಿಂದು, ಮನೆಯವರ ಬಾಯಲ್ಲಿ ಬುಜ್ಜಿ, ಹುಟ್ಟಿ ಓಡಾಡುವಂತಾದಳು. ಹಾಲ್‌ನಲ್ಲಿದ್ದ ಗಾಜಿನ ಬೀರುವಿನ ತುಂಬ ಯಾರೂ ಕೇಳರಿಯದ ವೀರರು ಕೈ ಎತ್ತಿಕೊಂಡು ನಿಂತರು.

ಗಂಡ ಕೃಷ್ಣಚೈತನ್ಯನಿಗೆ ಪರವಾಡದ ಔಷಧ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಅವನ ತಾಯಿ ಸೂರ್ಯಕಾಂತಮ್ಮ ಬಳ್ಳಾರಿಯ ಹೆಣ್ಣು. ತೆಲುಗರ ಮನೆ ಸೇರಿ ನಲವತ್ತು ವರ್ಷವಾದರೂ ಸೊಸೆಯೊಡನೆ ಕನ್ನಡವನ್ನೇ ಆಡುತ್ತಿದ್ದರು, ನಡುನಡುವೆ ತೆಲುಗು ತಾನಾಗಿ ನುಸುಳುತ್ತಿತ್ತು. ಬೀರುವಿನ ಕಡೆ ನೋಡಿ ಅವರು, "ದೇವರ ಮನಿಗಿಂತ ಇಲ್ಲೇ ಹೆಚ್ಚು ಮಂದಿ ಅದಾರ ನೋಡು" ಎಂದು ನಗುತ್ತಿದ್ದರು. ಅಷ್ಟೇ.

ಆ ಶನಿವಾರ ವಿಜಯವಾಡದ ಸತ್ಯನಾರಾಯಣಪುರಂನ ಒಂದು ಹಳೇ ಮನೆಯಲ್ಲಿ ಉಷಶ್ರೀ ಎಂಬಾಕೆ ಅವಳಿಗಾಗಿ ಕಾಯುತ್ತಿದ್ದಳು. ಆಕೆಯ ತಂದೆ ಬದುಕಿದ್ದಾಗ ಆಟಿಕೆಗಳ ಸಗಟು ವ್ಯಾಪಾರ ಮಾಡುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಉಳಿದ ಪೆಟ್ಟಿಗೆಗಳನ್ನು ಮಗಳು ಒಂದೊಂದಾಗಿ ಬಿಚ್ಚುತ್ತಿದ್ದಳು. ತಿಂಗಳ ಹಿಂದೆ ಕೊರಿಯರಿನಲ್ಲಿ ಒಬ್ಬ ಮಿಣುಗುರು ವೀರನನ್ನು ಕಳಿಸಿದ್ದವಳೂ ಇವಳೇ. ಅದರ ಒಂದು ರೆಕ್ಕೆ ಮುರಿದಿತ್ತು. ಈಗ ಎರಡೂ ರೆಕ್ಕೆಯಿದ್ದ ಇನ್ನೊಂದು ಸಿಕ್ಕಿದೆ, ಕೊರಿಯರಿಗೆ ಹಾಕಲು ಭಯ, ಬಂದು ಒಯ್ಯಿರಿ ಎಂದಿದ್ದಳು.

ರೈಲು ವಿಜಯವಾಡ ಮುಟ್ಟುವ ಹೊತ್ತಿಗೆ ಅತ್ತೆಯ ಫೋನು ಬಂದಿತ್ತು. "ಬುಜ್ಜಿ ಇಡ್ಲಿ ಬಾಯಾಗ ಇಟ್ರ ಉಗುಳ್ತಾಳಮ್ಮ. ಜೊಲ್ಲು ಸುರಿಯಾಕ ಹತ್ತೇದ. ಕೆಳಗಿನ ಕ್ಲಿನಿಕ್ಕಿಗೆ ಕರಕೊಂಡು ಹೋಗಿದ್ದೆ, ಗಂಟಲು ಕೆಂಪಾಗೇದ ಅಂತ ಔಷಧ ಕೊಟ್ಟಾರ."

"ಜ್ವರ ಇದೆಯಾ ಅತ್ತಯ್ಯ?"

"ಜ್ವರ ಲೇದು. ನೀ ಚಿಂತಿ ಮಾಡಬ್ಯಾಡ. ಹಲ್ಲು ಬರ್ತಿದ್ದಾವು."

ಸಹನಾ ಚಿಂತೆ ಮಾಡಲಿಲ್ಲ. ಆಟೊ ಹತ್ತಿದಳು. ಉಷಶ್ರೀ ಕೊಟ್ಟ ಮಜ್ಜಿಗೆ ಕುಡಿದಳು. ಹತ್ತಿಯಲ್ಲಿ ಸುತ್ತಿಟ್ಟ ವೀರನನ್ನು ಎರಡೂ ಕೈಯಲ್ಲಿ ಎತ್ತಿ, ರೆಕ್ಕೆಯ ಹಸಿರು ಬಣ್ಣ ಒಂದು ಚೂರೂ ಚಕ್ಕೆಯೇಳದೆ ಇರುವುದನ್ನು ಕಂಡು ಅವಳಿಗೆ ಚಿಕ್ಕ ಹುಡುಗಿಯಂತೆ ಕುಣಿಯಬೇಕೆನಿಸಿತು.

ಉಷಶ್ರೀ ಗೊಂಬೆಯನ್ನು ಬೋರಲು ಹಾಕಿ ಬೆನ್ನು ತೋರಿಸಿದಳು. ಅವಳ ಮಾತೆಲ್ಲ ತೆಲುಗು. "ಇದರ ಸ್ಕ್ರೂ ಗಟ್ಟಿಯಾಗಿದೆ ನೋಡಿ ಸಹನಾಗಾರೂ. ನಿಮಗೆ ಕಳಿಸಿದ್ದರಲ್ಲಿ ಸ್ಕ್ರೂ ಕಚ್ಚುತ್ತಲೇ ಇರಲಿಲ್ಲ. ದೀಪ ಚೆನ್ನಾಗಿ ಬೆಳಗಲಿ ಅಂತ ನಮ್ಮ ತಂದೆ ಒಳಗೆ ಕೊರೆದು ದೊಡ್ಡ ಸೆಲ್ ಕೂರಿಸಿದ್ದರು, ರೂಪಾಯಿ ಬಿಲ್ಲೆಯಷ್ಟು ಅಗಲದ್ದು. ಅದಕ್ಕೇ ನಾನು ಮುಚ್ಚಳಕ್ಕೆ ಟೇಪು ಸುತ್ತಿ ಕಳಿಸಿದೆ. ನಿಮ್ಮನೆಯಲ್ಲಿ ಮಗು ಇದೆ ಅಂದಿದ್ದಿರಲ್ಲ. ಟೇಪು ಹಾಗೇ ಇದೆ ತಾನೇ?"

ಸಹನಾ ಚೀಲದಲ್ಲಿ ಫೋನಿಗಾಗಿ ತಡಕಾಡಿದಳು.

ಅದು ಹಳದಿ ಟೇಪು. ಬಣ್ಣದ ಮೇಲೆ ಅಸಹ್ಯವಾಗಿ ಕಾಣುತ್ತಿತ್ತು. ಗೊಂಬೆ ಬಂದ ದಿನವೇ ಅವಳು ಅದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಕಿತ್ತು, ಅಂಟನ್ನು ಎಣ್ಣೆ ಹಚ್ಚಿ ಒರೆಸಿ, ಹೊಸ ಸೆಲ್ ಹಾಕಿ, ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿಟ್ಟಿದ್ದಳು. ಬೀರುವಿಗೆ ಬೀಗ ಇದೆಯಲ್ಲ ಎಂದುಕೊಂಡಿದ್ದಳು. ಆದರೆ ಇವತ್ತು ಬೆಳಗ್ಗೆ ಹೊಸದರ ಜೊತೆ ಹೋಲಿಸಿ ನೋಡಲೆಂದು ಅದನ್ನು ಹೊರತೆಗೆದು ಫೋಟೊ ಹಿಡಿದಿದ್ದಳು. ಕೆಳಗೆ ಆಟೊದವನು ಹಾರ್ನ್ ಹೊಡೆದ. ಬ್ಯಾಗು ಎತ್ತಿಕೊಂಡು ಓಡಿದಳು. ಗೊಂಬೆಯನ್ನು ಒಳಗಿಟ್ಟಳೇ?

ಫೋನು ತೆರೆದು ಆ ಫೋಟೊ ನೋಡಿದಳು. ಊಟದ ಮೇಜಿನ ಅಂಚಿನಲ್ಲಿ ಮಿಣುಗುರು ವೀರ ಹೊಟ್ಟೆ ಬೆಳಗಿಸಿಕೊಂಡು ನಿಂತಿದ್ದ. ಇಟ್ಟ ನೆನಪು ಎಷ್ಟು ಹುಡುಕಿದರೂ ಸಿಗಲಿಲ್ಲ.

ಜೊಲ್ಲು. ಉಗುಳಿದ ಇಡ್ಲಿ. ಜ್ವರವಿಲ್ಲ.

ಅತ್ತೆಯ ನಂಬರನ್ನು ಎರಡು ಸಲ ತಪ್ಪಿ ಒತ್ತಿದಳು.

"ಅತ್ತಯ್ಯ, ರೆಕ್ಕೆ ಮುರಿದ ಗೊಂಬೆ ಇದೆಯಲ್ಲ, ಹಸಿರುದು, ದೀಪ ಬರೋದು. ಎಲ್ಲಿದೆ ನೋಡಿ."

"ಅದಾ? ಸೋಫಾದ ಕೆಳಗ ಬಿದ್ದದ ಅಮ್ಮ. ದೀಪ ಹೋಗೇದ ಅದರದು."

"ಬೆನ್ನು ನೋಡಿ ಅತ್ತಯ್ಯ. ಬೆನ್ನಲ್ಲಿ ಮುಚ್ಚಳ ಇದೆಯಾ?"

ಅತ್ತೆ ಬಗ್ಗುವಾಗ ಮೊಣಕಾಲು ಲಟಕ್ಕೆಂದ ಸದ್ದು ಕೇಳಿಸಿತು. ಹಿಂದೆ ಮಗು ಸಣ್ಣಗೆ ಕೆಮ್ಮುತ್ತಿತ್ತು.

"ಮುಚ್ಚಳ ಇಲ್ಲೇ ಬಿದ್ದದ. ಒಳಗ ಏನೂ ಇಲ್ಲ. ಖಾಳಿ."

"ಬಿಲ್ಲೆ ಥರದ್ದು, ಬೆಳ್ಳಗೆ ಹೊಳೆಯೋದು... ನೆಲದ ಮೇಲೆ ಎಲ್ಲಾದ್ರೂ ಇದೆಯಾ? ಸೋಫಾ ಎಳೆದು ನೋಡಿ. ಚಾಪೆ ಕೊಡವಿ."

ಸೋಫಾ ಎಳೆದ ಸದ್ದು. ಚಾಪೆ ಕೊಡವಿದ ಸದ್ದು. ಪೊರಕೆಯ ಸದ್ದು. ಅಷ್ಟು ಹೊತ್ತೂ ಸಹನಾ ದೇವರನ್ನು ಬೇಡಿದ್ದು ಒಂದೇ ಒಂದನ್ನು, ಆ ಬಿಲ್ಲೆ ಟಣ್ಣೆಂದು ಎಲ್ಲಿಂದಾದರೂ ಉರುಳಿ ಬರಲೆಂದು.

"ಎಲ್ಲೂ ಇಲ್ಲಮ್ಮ" ಎಂದರು ಸೂರ್ಯಕಾಂತಮ್ಮ. ಆಮೇಲೆ ಅವರ ದನಿಯೂ ಬದಲಾಯಿತು. "ಸಹನಾ... ಬುಜ್ಜಿ ನುಂಗಿದ್ಳಾ ಏನು?"

ಉಷಶ್ರೀ ಅಷ್ಟರಲ್ಲಿ ತನ್ನ ಫೋನು ಹಿಡಿದಾಗಿತ್ತು. ಅವಳ ಚಿಕ್ಕಪ್ಪನ ಮಗ ಸೂರ್ಯಪ್ರಕಾಶ ಅದೇ ಊರಿನಲ್ಲಿ ಮಕ್ಕಳ ವೈದ್ಯ. ಸ್ಪೀಕರಿನಲ್ಲಿ ಅವನ ದನಿ ಬಂತು; ಮೊದಲು ಊಟದ ಹೊತ್ತಿನ ಆಲಸ್ಯದ ದನಿ, ಬಿಲ್ಲೆ ಸೆಲ್ ಎಂಬ ಮಾತು ಕಿವಿಗೆ ಬಿದ್ದೊಡನೆ ಬೇರೆಯದೇ ದನಿ.

"ಕೇಳಿಸಿಕೊಳ್ಳಿ. ಅದು ಹೊಟ್ಟೆಗಿಳಿಯದೆ ಅನ್ನನಾಳದಲ್ಲಿ ಸಿಕ್ಕಿಕೊಂಡಿದ್ದರೆ, ಒದ್ದೆ ಮಾಂಸ ತಗುಲಿ ಕರೆಂಟು ಹರಿಯುತ್ತೆ. ಸುಡುತ್ತೆ. ಕಾಯೋ ಹಾಗಿಲ್ಲ. ವಾಂತಿ ಮಾಡಿಸಬೇಡಿ, ಊಟ ನೀರು ಬೇಡ. ಮಗುವಿಗೆ ವರ್ಷ ತುಂಬಿದೆಯಲ್ಲ? ನುಂಗೋಕೆ ಆಗ್ತಿದ್ದರೆ ದಾರಿಯಲ್ಲಿ ಹತ್ತು ಹತ್ತು ನಿಮಿಷಕ್ಕೆ ಎರಡು ಚಮಚ ಜೇನು ಕೊಡಲಿ. ಅದಕ್ಕೋಸ್ಕರ ಹೊರಡೋದು ಮಾತ್ರ ತಡವಾಗಬಾರದು. ಸಣ್ಣ ಕ್ಲಿನಿಕ್ಕು ಬೇಡ. ಮಕ್ಕಳಿಗೆ ಎಂಡೋಸ್ಕೋಪಿ ಮಾಡೋ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಬಾಗಿಲಲ್ಲೇ ಬಟನ್ ಬ್ಯಾಟರಿ ಅಂತ ಕೂಗಿ ಹೇಳಬೇಕು. ಯಾವಾಗ ನುಂಗಿದ್ದು?"

ಯಾವಾಗ? ಅವಳಿಗೆ ಗೊತ್ತಿರಲಿಲ್ಲ. ಇಡ್ಲಿ ಉಗುಳಿದ್ದು ತಿಂಡಿಯ ಹೊತ್ತಿಗೆ. ಈಗ ಮಧ್ಯಾಹ್ನ. ಅಷ್ಟು ಹೊತ್ತಿನಿಂದ ಅದು ಒಳಗೆ ಸುಡುತ್ತಿದೆ. ತಾನು ಮಜ್ಜಿಗೆ ಕುಡಿಯುವಾಗಲೂ ಸುಡುತ್ತಿತ್ತು, ರೆಕ್ಕೆಯ ಬಣ್ಣ ನೋಡಿ ಹಿಗ್ಗುವಾಗಲೂ ಸುಡುತ್ತಿತ್ತು.

ಕೃಷ್ಣಚೈತನ್ಯನಿಗೆ ಫೋನು ಮಾಡಿದಳು. ರಿಂಗಾಗುತ್ತಲೇ ಇತ್ತು. ಕಾರ್ಖಾನೆಯೊಳಗೆ ಹೋಗುವವರು ಫೋನನ್ನು ಗೇಟಿನಲ್ಲೇ ಒಪ್ಪಿಸಿ ಹೋಗಬೇಕು, ಗೊತ್ತಿದ್ದೂ ಮಾಡಿದಳು. ಆಮೇಲೆ ಗೇಟಿನ ನಂಬರು. ಅಲ್ಲಿಯವನು, "ಹೇಳ್ತೀನಿ ಮೇಡಂ. ಒಳಗಿನಿಂದ ಬಟ್ಟೆ ಬದಲಿಸಿ ಹೊರಗೆ ಬರೋಕೆ ಹೊತ್ತು ಹಿಡಿಯುತ್ತೆ" ಎಂದ.

ಕೆಳಗಿನ ಮನೆಯ ಬಾಬ್ಜಿ ಟ್ಯಾಕ್ಸಿ ಓಡಿಸುತ್ತಿದ್ದ. ಸಹನಾ ಫೋನು ಮಾಡಿದಾಗ ಅವನು ಮನೆಯಲ್ಲಿದ್ದ. ಅಂಥ ದಿನದಲ್ಲಿ ದೇವರು ತೋರಿದ ಕರುಣೆ ಅದೊಂದೇ. ಅವನು ಫೋನು ಇಟ್ಟವನೇ ಮೆಟ್ಟಿಲು ಹತ್ತಿ ಹೋಗಿ ಮಗುವನ್ನು ಎತ್ತಿಕೊಂಡ. ಸಹನಾ ಮತ್ತೆ ಅತ್ತೆಗೆ ಫೋನು ಮಾಡಿದಳು.

"ಅತ್ತಯ್ಯ, ಜೇನಿನ ಬಾಟ್ಲಿ ತಗೊಳ್ಳಿ. ಗೊಂಬೆ ತಗೊಳ್ಳಿ. ಬೀರುವಿನ ಕೆಳಗಿನ ಖಾನೆಯಲ್ಲಿ ಸೆಲ್ಲಿನ ಪಾಕೀಟಿದೆ, ಅದರಲ್ಲಿ ಇನ್ನೂ ಉಳಿದಿವೆ, ಅದನ್ನೂ ತಗೊಳ್ಳಿ. ಡಾಕ್ಟ್ರಿಗೆ ತೋರಿಸಬೇಕು. ಬಟನ್ ಬ್ಯಾಟರಿ ಅನ್ನಿ. ಎಲ್ಲಿ, ಹೇಳಿ."

"ಬಟನ್ ಬ್ಯಾಟ್ರಿ. ಬಟನ್ ಬ್ಯಾಟ್ರಿ" ಎಂದು ಆಕೆ ಮಂತ್ರದಂತೆ ಹೇಳಿಕೊಳ್ಳುತ್ತ ಇಳಿದರು. ಫೋನನ್ನು ಆರಿಸಲಿಲ್ಲ, ಹಾಗೇ ಕೈಚೀಲದೊಳಗೆ ಹಾಕಿಕೊಂಡುಬಿಟ್ಟರು.

ಉಷಶ್ರೀ ಕಾರು ತೆಗೆದಳು. ವಿಶಾಖಪಟ್ಟಣಕ್ಕೆ ಮಧ್ಯಾಹ್ನದ ವಿಮಾನವೊಂದಿತ್ತು. ಸಹನಾಳ ಟಿಕೆಟನ್ನೂ ಅವಳೇ ಮಾಡಿದಳು. ಗನ್ನವರಂ ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಸಹನಾ ಫೋನನ್ನು ಕಿವಿಗೊತ್ತಿಕೊಂಡು ಕೂತಿದ್ದಳು. ಮುನ್ನೂರೈವತ್ತು ಕಿಲೋಮೀಟರಿನ ಆಚೆ, ಒಂದು ಕೈಚೀಲದ ಒಳಗಿಂದ, ಅವಳ ಮಗು ಆಸ್ಪತ್ರೆಗೆ ಹೋಗುತ್ತಿದ್ದದ್ದು ಕೇಳುತ್ತಿತ್ತು. ಹಾರ್ನಿನ ಸದ್ದು. ಬಾಬ್ಜಿ ಯಾರನ್ನೋ ಬೈದದ್ದು. "ತಗೋ, ಇನ್ನೊಂದು ಚಮಚ, ಮಾ ಬಂಗಾರು ಕದಾ." ಮಗುವಿನ ಅಳು. ಆ ಅಳು ಸಹನಾಳಿಗೆ ಬೇಕಾಗಿತ್ತು. ಅಳು ನಿಂತಾಗ "ಅತ್ತಯ್ಯಾ! ಅತ್ತಯ್ಯಾ!" ಎಂದು ಕೂಗುತ್ತಿದ್ದಳು. ಚೀಲದೊಳಗಿನ ಕೂಗು ಯಾರಿಗೆ ಕೇಳಬೇಕು? ಮತ್ತೆ ಕೆಮ್ಮು ಕೇಳಿದಾಗ ಉಸಿರು ಬರುತ್ತಿತ್ತು. ಆಮೇಲೆ ಆ ಕೆಮ್ಮೇ ಹೆದರಿಸುತ್ತಿತ್ತು.

"ಎನ್‌ಎಡಿ ಜಂಕ್ಷನ್ ಹತ್ರ ಫುಲ್ ಜಾಮು, ಅಮ್ಮಗಾರೂ" ಎಂದ ಬಾಬ್ಜಿಯ ದನಿ.

ಉಷಶ್ರೀ ಗೇರು ಬದಲಿಸಿದಳು. ಸ್ವಲ್ಪ ದೂರ ಹೋದ ಮೇಲೆ, "ನಾನು ಆ ಗೊಂಬೆಯನ್ನು ಮಾರಲೇಬಾರದಿತ್ತು" ಎಂದಳು. ಸಹನಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

ಆಸ್ಪತ್ರೆ ಬಂದದ್ದು ಅವಳಿಗೆ ಸದ್ದಿನಿಂದಲೇ ತಿಳಿಯಿತು. ಯಾರೋ ಕಾವಲಿನವನು ತೆಲುಗಿನಲ್ಲಿ, ಓಪಿ ಚೀಟಿ ಮಾಡಿಸಿ ಸಾಲಿನಲ್ಲಿ ಕೂರಿ ಎನ್ನುತ್ತಿದ್ದ. ಆಗ ಸೂರ್ಯಕಾಂತಮ್ಮನ ಬಾಯಿಂದ ಹೊರಟ ಕೂಗನ್ನು ಸಹನಾ ಅದುವರೆಗೆ ಕೇಳಿರಲಿಲ್ಲ. ಮನೆಯಲ್ಲಿ ಹಾಲು ಉಕ್ಕಿದರೂ ದನಿಯೇರಿಸದ ಹೆಂಗಸು ಅದು. "ಬಟನ್ ಬ್ಯಾಟ್ರಿ! ಪಾಪ ಬಟನ್ ಬ್ಯಾಟ್ರಿ ಮಿಂಗಿಂದಿ! ಅಡ್ಡ ಬಂದ್ರೆ ತುಳಿದು ಹೋಗ್ತೀನಿ ನೋಡು!" ತೆಲುಗು, ಕನ್ನಡ, ಎಲ್ಲ ಒಂದೇ ಉಸಿರಿನಲ್ಲಿ. ಓಡುವ ಚಪ್ಪಲಿಗಳ ಸದ್ದು. ಬಾಗಿಲು. ಬೇರೆ ದನಿಗಳು, ಚುರುಕಾದವು. ಎಕ್ಸ್‌ರೇ, ಎಕ್ಸ್‌ರೇ.

ಅಷ್ಟರಲ್ಲಿ ವಿಮಾನ ನಿಲ್ದಾಣ ಬಂತು. ತಪಾಸಣೆಯಲ್ಲಿ ಫೋನನ್ನು ತಟ್ಟೆಗೆ ಹಾಕಬೇಕಾಯಿತು. ಆ ತಟ್ಟೆ ರಬ್ಬರಿನ ಪರದೆಯೊಳಗೆ ಹೋಗಿ ಆಚೆ ಬರುವಷ್ಟು ಹೊತ್ತು ಅವಳು ಬರಿಗೈ ಎತ್ತಿಕೊಂಡು ನಿಂತಿದ್ದಳು, ತಪಾಸಣೆಯ ಹೆಂಗಸು ಅವಳ ಮುಖ ನೋಡಿ, "ಏಮೈಂದಿ ಮೇಡಂ?" ಎಂದು, ಏನಾಯಿತೆಂದು ವಿಚಾರಿಸಿದಳು. ಸಹನಾ ತಲೆಯಾಡಿಸಿ ಫೋನಿಗೆ ಹಾರಿದಳು.

ಲೈನು ಇನ್ನೂ ಇತ್ತು. ಒಬ್ಬ ಡಾಕ್ಟರಮ್ಮ ಮಾತಾಡುತ್ತಿದ್ದರು. "ಗುಂಡಗಿರೋದು ಅನ್ನನಾಳದ ಮೇಲ್ಭಾಗದಲ್ಲೇ ಕೂತಿದೆ. ನಾಣ್ಯ ಏನಾದರೂ ಇರಬಹುದಾ ಅಮ್ಮಾ? ಅಂಚು ಸರಿಯಾಗಿ ಕಾಣ್ತಿಲ್ಲ."

"ನಾಣ್ಯ ಅಲ್ಲಮ್ಮಾ! ಇದಿಗೋ, ಈ ಬೊಮ್ಮಿ ಬೆನ್ನಾಗಿಂದು. ಈ ಗುಂಡಿಯೊಳಗ ಇತ್ತು. ಇವು ಅದರ ಜೋಡಿವು, ನೋಡು."

ಮೇಜಿನ ಮೇಲೆ ಪ್ಲಾಸ್ಟಿಕ್ ಇಟ್ಟ ಸದ್ದು. ಪಾಕೀಟು ಹರಿದ ಸದ್ದು. ಆಮೇಲೆ ಡಾಕ್ಟರಮ್ಮ ಯಾರಿಗೋ, "ಇಪ್ಪತ್ತು ಎಂಎಂ ಲಿಥಿಯಂ. ಥಿಯೇಟರಿಗೆ ಹೇಳಿ, ಈಗಲೇ" ಎಂದರು.

ಸಹನಾ ಫೋನಿನೊಳಗೆ ಕೂಗಿದಳು. ಈ ಸಲ ಯಾರಿಗೋ ಕೇಳಿಸಿತು. ಚೀಲದಿಂದ ಫೋನು ಹೊರಬಂತು. "ನಾನು ತಾಯಿ. ನಾನು ಒಪ್ಪಿದ್ದೀನಿ. ಏನು ಬೇಕೋ ಮಾಡಿ, ಬೇಗ ಮಾಡಿ" ಎಂದಳು.

"ನೋಡಮ್ಮ, ಮುಚ್ಚಿಟ್ಟು ಹೇಳಲ್ಲ" ಎಂದರು ಡಾಕ್ಟರಮ್ಮ. "ತೆಗೀತೀವಿ. ಆದರೆ ಎಷ್ಟು ಸುಟ್ಟಿದೆ ಅನ್ನೋದು ಒಳಗೆ ನೋಡಿದ ಮೇಲೇ ಗೊತ್ತಾಗೋದು. ಪಕ್ಕದಲ್ಲೇ ಉಸಿರಿನ ನಾಳ ಇದೆ, ದೊಡ್ಡ ರಕ್ತನಾಳ ಇದೆ. ನೀವೆಲ್ಲಿದ್ದೀರಿ?"

"ವಿಮಾನ ಹತ್ತುತ್ತಿದ್ದೀನಿ."

"ಬನ್ನಿ."

ಮಗು ಅಜ್ಜಿಯ ಕೈಯಿಂದ ಯಾರದೋ ಕೈಗೆ ಹೋಯಿತೆಂದು ಅಳುವಿನಿಂದ ಗೊತ್ತಾಯಿತು. ಅದು "ಅಮ್ಮ" ಎನ್ನಲಿಲ್ಲ. "ನಾನಮ್ಮಾ" ಎಂದು ಅಜ್ಜಿಯನ್ನೇ ಕರೆಯುತ್ತ ದೂರ ದೂರ ಹೋಯಿತು. ಬಾಗಿಲು ಮುಚ್ಚಿತು.

ವಿಮಾನದಲ್ಲಿ ಗಗನಸಖಿ ಎರಡು ಸಲ ಬಂದು ಫೋನು ಆರಿಸಿ ಎಂದಳು. ಎರಡನೇ ಸಲ ಸಹನಾ ಆರಿಸಿದಳು. ಆ ಒಂದು ತಾಸು ಅವಳ ಬದುಕಿನ ಅತಿ ಉದ್ದದ ತಾಸು. ಈಗ ಏನಾಗುತ್ತಿದೆಯೋ ಅದು ಆಗಿಯೇ ಹೋಗುತ್ತದೆ, ತನಗೆ ಮಾತ್ರ ತಿಳಿಯುವುದಿಲ್ಲ. ಮಗು ಇದ್ದರೂ ತಿಳಿಯುವುದಿಲ್ಲ. ಇಲ್ಲದಿದ್ದರೂ ತಿಳಿಯುವುದಿಲ್ಲ. ಈ ಯೋಚನೆ ಬಂದಾಗ ಅವಳು ಸೀಟಿನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಪಕ್ಕದಲ್ಲಿದ್ದ ವಯಸ್ಸಾದವರು, "ಮೊದಲ ಸಲವಾ ಅಮ್ಮಾ ವಿಮಾನದಲ್ಲಿ? ಏನೂ ಆಗಲ್ಲ" ಎಂದು ಸಮಾಧಾನ ಮಾಡಿದರು. ಅವಳು ಹೂಂಗುಟ್ಟಿದಳು. ಕಿಟಕಿಯ ಹೊರಗೆ ಮೋಡ, ಅದರ ಕೆಳಗೆ ಸಮುದ್ರದ ಅಂಚು. ಅವಳು ತುಮಕೂರಿನ ತನ್ನ ಅಮ್ಮ ಹೇಳಿಕೊಟ್ಟ ಶ್ಲೋಕವೊಂದನ್ನು ಶುರುಮಾಡಿದಳು. ಎರಡನೇ ಸಾಲು ನೆನಪಾಗಲಿಲ್ಲ. ಮತ್ತೆ ಮೊದಲಿಂದ. ಮತ್ತೆ ಅಲ್ಲೇ ನಿಂತಿತು.

ಚಕ್ರ ನೆಲ ಮುಟ್ಟುವ ಮೊದಲೇ ಫೋನು ಹಚ್ಚಿದಳು. ಒಂದೂ ಸಂದೇಶವಿಲ್ಲ. ಅತ್ತೆಗೆ ಮಾಡಿದಳು, ಎತ್ತಲಿಲ್ಲ. ಬಾಬ್ಜಿಗೆ ಮಾಡಿದಳು, ಬ್ಯುಸಿ. ಜನ ಎದ್ದು ಚೀಲಗಳನ್ನು ಇಳಿಸುತ್ತಿದ್ದರು. ಯಾರೋ ಅವಳ ಭುಜಕ್ಕೆ ತಗುಲಿ ಸಾರಿ ಎಂದರು. ಯಾರೂ ಫೋನು ಎತ್ತದಿರುವುದಕ್ಕೆ ಕಾರಣ ಒಂದೇ ಇರಬಹುದೆಂದು ಅವಳ ಮನಸ್ಸು ಹೇಳತೊಡಗಿತು. ಆ ಕಾರಣವನ್ನು ಅದು ಬಾಯಿಬಿಟ್ಟು ಹೇಳಲಿಲ್ಲ, ಸುತ್ತ ಸುತ್ತ ತಿರುಗಿತು.

ಕೃಷ್ಣಚೈತನ್ಯನ ನಂಬರಿನಿಂದ ಫೋನು ಬಂತು. ಎತ್ತಲು ಅವಳಿಗೆ ಧೈರ್ಯವಾಗಲಿಲ್ಲ. ಎರಡು ರಿಂಗು ಬಿಟ್ಟು ಎತ್ತಿದಳು.

"ತೆಗ್ದಿದ್ದಾರೆ" ಎಂದ ಅವನು.

ಅವಳು ವಿಮಾನದ ಸಾಲುದಾರಿಯಲ್ಲೇ ಕುಕ್ಕರಿಸಿದಳು. ಆ ವಯಸ್ಸಾದವರು ಅವಳ ತೋಳು ಹಿಡಿದು ಎಬ್ಬಿಸಿದರು.

ಆಸ್ಪತ್ರೆಯಲ್ಲಿ ಅವಳಿಗೆ ಮೊದಲು ಕಂಡದ್ದು ಆ ಸೆಲ್. ಡಾಕ್ಟರಮ್ಮ ಅದನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ತೋರಿಸಿದರು. ಒಂದು ಬದಿ ಕರ್ರಗಾಗಿತ್ತು. ಆಮೇಲೆ ಗಾಜಿನ ಆಚೆ ಮಗು. ಮೂಗಿನಲ್ಲಿ ನಳಿಕೆ, ಕೈಗೆ ಸೂಜಿ, ಕಣ್ಣು ಮುಚ್ಚಿತ್ತು. ಎದೆ ಏರಿ ಇಳಿಯುತ್ತಿತ್ತು.

"ಒಳಗೆ ಒಂದು ಕಡೆ ಸುಟ್ಟಿದೆ" ಎಂದರು ಡಾಕ್ಟರಮ್ಮ. "ತೂತಾಗಿಲ್ಲ, ಅದು ಪುಣ್ಯ. ಆದರೆ ಮುಗೀತು ಅಂದುಕೋಬೇಡಿ. ಸೆಲ್ ತೆಗೆದ ಮೇಲೂ ಕೆಲವು ದಿನ ಗಾಯ ಆಳವಾಗ್ತಾ ಹೋಗಬಹುದು. ರಕ್ತ ಬರಬಹುದು. ವಾಂತಿಯಲ್ಲಿ ಕೆಂಪು ಕಂಡರೆ, ಮಲ ಕಪ್ಪಾದರೆ, ಒಂದು ಕ್ಷಣವೂ ಕಾಯದೆ ಕೂಗಿ."

ಕಾರಿಡಾರಿನಲ್ಲಿ ಕೃಷ್ಣಚೈತನ್ಯ ಕಾರ್ಖಾನೆಯ ಬಟ್ಟೆಯಲ್ಲೇ ನಿಂತಿದ್ದ. ಅವನು ಸಿಟ್ಟಿನ ಮನುಷ್ಯನಲ್ಲ. ಅಂದು ಅವನ ಕಣ್ಣು ಕೆಂಪಾಗಿತ್ತು.

"ಆ ಟೇಪು ಯಾಕೆ ತೆಗ್ದೆ?" ಎಂದು ಕೇಳಿದ. ಮನೆಯಲ್ಲಿ ಆಡುವ ಅದೇ ಮುರುಕಲು ಕನ್ನಡ, ಆದರೆ ದನಿ ಬೇರೆ. "ಆಕೆ ಸುತ್ತಿ ಪಂಪಿಸಿದ್ದಳಲ್ಲ, ಕಳಿಸಿದಾಗ ನಾನೂ ನೋಡಿದ್ದೆ. ಯಾಕೆ ತೆಗ್ದೆ?"

ಸಹನಾಳಿಗೆ ಸುಳ್ಳು ಹೊಳೆಯಲಿಲ್ಲ. "ಚೆನ್ನಾಗಿ ಕಾಣ್ತಿರಲಿಲ್ಲ" ಎಂದಳು.

ಅವನು ಗೋಡೆಯ ಕಡೆ ತಿರುಗಿ ನಿಂತ. ಬೈದಿದ್ದರೆ ವಾಸಿಯಿತ್ತು.

ಬೆಂಚಿನ ಮೇಲೆ ಕೂತಿದ್ದ ಸೂರ್ಯಕಾಂತಮ್ಮ ಮೆಲ್ಲಗೆ ಎದ್ದು ಬಂದರು. ಅವರ ಸೆರಗಿನ ತುಂಬ ಜೇನು ಅಂಟಿಕೊಂಡಿತ್ತು. "ಆಕಿನ್ನ ಏನೂ ಅನಬ್ಯಾಡ ರಾ" ಎಂದರು ಮಗನಿಗೆ. "ಬೊಮ್ಮಿ ಮೇಜಿನ ಮ್ಯಾಲಿತ್ತು. ಬುಜ್ಜಿ ಅಮ್ಮ ಬೇಕು ಅಂತ ಹಠ ಹಿಡಿದು ಅಳಾಕ ಹತ್ತಿದ್ಳು. ನಾನೇ ಅದನ್ನ ಆಕಿ ಕೈಗೆ ಕೊಟ್ಟೆ. ದೀಪ ನೋಡು, ಅಮ್ಮ ಬರ್ತಾಳ ಅಂದೆ. ನಾನೇ ಕೊಟ್ಟೆ."

ಯಾರ ತಪ್ಪು ಎಷ್ಟೆಂದು ತೂಗುವ ಶಕ್ತಿ ಯಾರಲ್ಲೂ ಇರಲಿಲ್ಲ. ಕೊನೆಗೆ ಕೃಷ್ಣಚೈತನ್ಯನೇ ಹೋಗಿ ಮೂರು ಟೀ ತಂದ. ಸಹನಾ ಕೈಯಲ್ಲಿ ಹಿಡಿದಳು, ಕುಡಿಯಲಿಲ್ಲ. ಮಗುವಿನ ಗಂಟಲಿಗೆ ಒಂದು ಹನಿ ನೀರೂ ಇಳಿಯಬಾರದೆಂದು ಹೇಳಿದ್ದರು. ತನ್ನ ಗಂಟಲಿಗೆ ಏನನ್ನು ಇಳಿಸಲು ಹೋದರೂ ಅವಳಿಗೆ ಅದೇ ನೆನಪಾಗುತ್ತಿತ್ತು.

ಆಮೇಲಿನ ದಿನಗಳಲ್ಲಿ ಭಯ ಬೇರೆ ರೂಪ ತಾಳಿತು. ಮೊದಲ ದಿನದ್ದು ಎದೆಗೆ ಒದ್ದ ಭಯ. ಇದು ಜೊತೆಯಲ್ಲೇ ವಾಸ ಮಾಡುವ ಭಯ. ಮಗು ಕೆಮ್ಮಿದರೆ ಮೂವರ ಕಣ್ಣೂ ಅದರ ತುಟಿಗೆ ಹೋಗುತ್ತಿದ್ದವು. ನಳಿಕೆಯಲ್ಲಿ ಕಂದು ಬಣ್ಣ ಕಂಡರೆ ಸಹನಾ ನರ್ಸನ್ನು ಕೂಗುತ್ತಿದ್ದಳು. ಅದು ಔಷಧದ ಬಣ್ಣ ಮೇಡಂ ಎಂದು ಆಕೆ ಬೇಸರಿಸದೆ ಹೇಳುತ್ತಿದ್ದಳು. ಮಗು ನಿದ್ದೆ ಹೋದಾಗ ಸಹನಾ ಅದರ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದಳು. ಬ್ಯಾಂಕಿಗೆ ರಜೆ ಹಾಕಿದಳು. ಕಾರಣ ಕೇಳಿದ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದಳು, ಗೊಂಬೆಯನ್ನೂ ಸೇರಿಸಿ.

ಮೂರನೆಯ ದಿನ, ಕಾರಿಡಾರಿನ ಕಿಟಕಿಯ ಬಳಿ ನಿಂತಾಗ ಅವಳಿಗೆ ಇನ್ನೊಂದು ಹೆದರಿಕೆ ಹುಟ್ಟಿತು. ಉಷಶ್ರೀಗೆ ಫೋನು ಮಾಡಿ, "ಈ ಥರ ಒಳಗೆ ಕೊರೆದ ಗೊಂಬೆ ಇನ್ನೂ ಯಾರ ಯಾರ ಹತ್ರ ಇದೆ?" ಎಂದು ಕೇಳಿದಳು. ಉಷಶ್ರೀ ನೆನಪಿದ್ದ ಹೆಸರುಗಳನ್ನು ಹೇಳಿದಳು. ಅವರೆಲ್ಲ ಸಹನಾಳಿಗೂ ಗೊತ್ತಿದ್ದವರೇ. ಆ ಮರೆತುಹೋದ ವೀರರ ಬಗ್ಗೆ ರಾತ್ರಿಯಿಡೀ ಫೋನಿನಲ್ಲಿ ಹರಟುವ ಸಣ್ಣ ಗುಂಪು. ಅವಳು ಒಬ್ಬೊಬ್ಬರಿಗೂ ಫೋನು ಮಾಡಿದಳು.

ಗುಂಟೂರಿನ ರಾಮ್‌ಪ್ರಸಾದ್ ನಕ್ಕರು. "ನನ್ನದು ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲಮ್ಮ. ಬೆನ್ನು ಬಿಚ್ಚಿದರೆ ಅದರ ಬೆಲೆ ಹೋಗುತ್ತೆ."

"ಬಿಚ್ಚಿ ಸಾರ್" ಎಂದಳು ಸಹನಾ. "ನನ್ನ ಮಗಳ ಮೂಗಿನಲ್ಲಿ ನಳಿಕೆ ಇದೆ. ನಾನು ಇಲ್ಲೇ ಲೈನಿನಲ್ಲಿ ಇರ್ತೀನಿ. ಈಗ ಬಿಚ್ಚಿ."

ಆ ಕಡೆ ನಗು ನಿಂತಿತು. ಡಬ್ಬಿಯ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಅವರು, "ತೆಗೆದೆನಮ್ಮ. ಸ್ಕ್ರೂ ಕೈಯಲ್ಲೇ ಬಂತು" ಎಂದರು. ದನಿ ತೀರ ತಗ್ಗಿತ್ತು. "ರಜಕ್ಕೆ ಮೊಮ್ಮಕ್ಕಳು ಬರುವವರಿದ್ದಾರೆ."

ಮನೆಯ ಬೀರುವನ್ನು ಕೃಷ್ಣಚೈತನ್ಯ ಒಂದು ಸಂಜೆ ಹೋಗಿ ಖಾಲಿ ಮಾಡಿದ. ಸಹನಾ ಬೇಡ ಎನ್ನಲಿಲ್ಲ. ಎಸೆದನೋ, ಅಟ್ಟದ ಮೇಲೆ ಹಾಕಿದನೋ ಎಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ವಿಜಯವಾಡದ ಎರಡು ರೆಕ್ಕೆಯ ವೀರ ಉಷಶ್ರೀಯ ಮೇಜಿನ ಮೇಲೇ ಉಳಿದಿದ್ದ. ಯಾರೂ ಅವನ ಮಾತೆತ್ತಲಿಲ್ಲ.

ಎರಡನೆಯ ಸಲ ಒಳಗೆ ಕೊಳವೆ ಇಳಿಸಿ ನೋಡುವ ದಿನ ಬಂತು. ಮತ್ತೆ ಅದೇ ಬಾಗಿಲು, ಅದೇ ಅಳು. ಈ ಸಲ ಸಹನಾ ಬಾಗಿಲವರೆಗೂ ಮಗುವಿನ ಕಾಲು ಹಿಡಿದುಕೊಂಡೇ ಹೋದಳು. ಹೊರಗೆ ಬೆಂಚಿನ ಮೇಲೆ ಅತ್ತೆ ಸೊಸೆ ಒಬ್ಬರ ಕೈ ಒಬ್ಬರು ಹಿಡಿದು ಕೂತರು.

ಡಾಕ್ಟರಮ್ಮ ಹೊರಬಂದು ಮುಖದ ಮುಸುಕು ಇಳಿಸಿದರು. "ಗಾಯ ಮಾಯ್ತಾ ಇದೆ. ಮುಂದೆ ನಾಳ ಅಲ್ಲಿ ಸ್ವಲ್ಪ ಬಿಗಿದುಕೊಳ್ಳಬಹುದು. ಹಾಗಾದರೆ ಹಿಗ್ಗಿಸಬೇಕಾಗುತ್ತೆ. ಈಗಲೇ ಹೇಳೋಕಾಗಲ್ಲ, ತಿಂಗಳಿಗೊಮ್ಮೆ ಬರ್ತಾ ಇರಿ. ಇವತ್ತು ಸಂಜೆ ಬಾಯಿಂದ ಸ್ವಲ್ಪ ಕುಡಿಸಿ ನೋಡೋಣ."

ಸಂಜೆ ನಳಿಕೆ ತೆಗೆದರು. ಹಿಮಬಿಂದು ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತು, ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನರ್ಸು ಬಟ್ಟಲಲ್ಲಿ ತೆಳ್ಳಗಿನ ಅಕ್ಕಿ ಗಂಜಿ ತಂದಿಟ್ಟಳು. ಸೂರ್ಯಕಾಂತಮ್ಮ ಚಮಚವನ್ನು ಸೊಸೆಯ ಕಡೆ ಚಾಚಿದರು.

"ನೀವೇ ಕುಡಿಸಿ ಅತ್ತಯ್ಯ. ನನ್ನ ಕೈ ನಡುಗ್ತಿದೆ."

"ನಂದೂ ನಡಗ್ತದ. ನೀನು ತಾಯಿ, ನೀ ಕುಡಿಸು."

ಸಹನಾ ಅರ್ಧ ಚಮಚ ಗಂಜಿ ತೆಗೆದು ಮಗುವಿನ ತುಟಿಗೆ ಹಿಡಿದಳು. ಮಗು ತುಟಿ ಬಿಗಿಹಿಡಿಯಿತು. ಅದಕ್ಕೂ ನುಂಗುವುದೆಂದರೆ ನೋವು ಎಂಬುದು ನೆನಪಿತ್ತು. ಕೃಷ್ಣಚೈತನ್ಯ ಮಂಚದ ಕಾಲು ಹಿಡಿದು ಬಗ್ಗಿ, ತಾನೇ ಬಾಯಿ ತೆರೆದು ತೋರಿಸಿದ, "ಆ..." ಎಂದು. ಮಗು ಅಪ್ಪನ ಬಾಯಿಯನ್ನೇ ನೋಡಿತು. ನಿಧಾನವಾಗಿ ತನ್ನದನ್ನೂ ತೆರೆಯಿತು.

ಗಂಜಿ ಒಳಗೆ ಹೋಯಿತು. ಮಗು ಅದನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿತು. ಆಮೇಲೆ ಆ ಎಳೆಯ ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು.

ಕೆಮ್ಮಲಿಲ್ಲ. ಅಳಲಿಲ್ಲ.

"ಇಂಕಾ" ಎಂದಿತು ಮಗು, ಇನ್ನೂ ಬೇಕು ಎಂದು. ಸಹನಾ ಚಮಚವನ್ನು ಬಟ್ಟಲಿಗೆ ಅದ್ದಲು ಹೋದಳು. ಕೈ ನಡುಕಕ್ಕೆ ಗಂಜಿಯೆಲ್ಲ ಹಾಸಿಗೆಯ ಮೇಲೆ ಚೆಲ್ಲಿತು.